ಸ್ವೀಡನ್ನಿನ ಪಾಪ್ ಸಂಗೀತ ತಂಡ ಅಬ್ಬಾದ ಕಿಮೋನೊ (ಜಪಾನಿನ ಸಾಂಪ್ರದಾಯಿಕ ನಿಲುವಂಗಿ) ವೇಷದ ನಕಲು ಹೊಲಿಸಬೇಕು. ಅದರಲ್ಲಿ ಜಪಾನಿನದು ಎಷ್ಟು, ಸ್ವೀಡನ್ನಿನದು ಎಷ್ಟು?

ಜಪಾನಿನದು ಆಕಾರ ಮಾತ್ರ. ಮಿಕ್ಕಿದ್ದೆಲ್ಲ 1970ರ ದಶಕದ ಸ್ವೀಡನ್ನಿನ ಪಾಪ್ ಥಳಕು.

ಅಸಲಿ ಕಿಮೋನೊವನ್ನು ಸುಮಾರು 36 ಸೆಂಟಿಮೀಟರ್ ಅಗಲದ ಉದ್ದನೆ ಬಟ್ಟೆಯಿಂದ ನೇರ ತುಂಡುಗಳಾಗಿ ಕತ್ತರಿಸಿ ಹೊಲಿಯುತ್ತಾರೆ, ಮೈಗೆ ಅಂಟುವಂತೆ ಹೊಲಿಯುವುದಿಲ್ಲ, ಸೊಂಟಕ್ಕೆ ಓಬಿ ಎಂಬ ಅಗಲ ಪಟ್ಟಿ ಸುತ್ತಿ ಬಿಗಿ ಮಾಡುತ್ತಾರೆ. ಅಬ್ಬಾದ ವೇಷ ಇದರಿಂದ ಅಗಲ ತೋಳು, ಒಂದರ ಮೇಲೊಂದು ಬರುವ ಎದೆಭಾಗ, ನಡುಪಟ್ಟಿ ಇಷ್ಟನ್ನೇ ತೆಗೆದುಕೊಂಡಿತು. ಬಟ್ಟೆ ಮಾತ್ರ ಹೊಳೆಯುವ ಸ್ಯಾಟಿನ್, ವೇದಿಕೆ ಮೇಲೆ ಮಿಂಚಬೇಕಲ್ವಾ!

ಅಬ್ಬಾದ ಎಷ್ಟೋ ವೇಷಗಳನ್ನು ಮಾಡಿದವರು ವಸ್ತ್ರ ವಿನ್ಯಾಸಕ ಓವೆ ಸ್ಯಾಂಡ್‌ಸ್ಟ್ರೋಮ್. ಅವು ಅಷ್ಟು ವಿಚಿತ್ರವಾಗಿದ್ದಕ್ಕೆ ತೆರಿಗೆಯೂ ಒಂದು ಕಾರಣ: ದಿನಬಳಕೆಗೆ ಹಾಕಲಾಗದ ಬಟ್ಟೆಯಾದರೆ ಮಾತ್ರ ಸ್ವೀಡನ್ನಿನಲ್ಲಿ ಅದರ ಖರ್ಚಿಗೆ ವಿನಾಯಿತಿ ಸಿಗುತ್ತಿತ್ತು ಅಂತ ತಂಡದ ಬ್ಯೋರ್ನ್ ಉಲ್ವೇಯುಸ್ ಅವರೇ ಹೇಳಿದ್ದಾರೆ.

ಹೊಲಿಸುವಾಗ ತೆಳು ಸ್ಯಾಟಿನ್ ಬೇಡ, ವೇದಿಕೆಯ ದೀಪಕ್ಕೆ ಒಳಗಿನದೆಲ್ಲ ಕಾಣುತ್ತದೆ. ಲೈನಿಂಗ್ ಹಾಕಿಸಿ. ಓಬಿ ಕಟ್ಟುವ ಗೋಜು ಬೇಡ, ಹಿಂದೆ ವೆಲ್ಕ್ರೋ ಸಾಕು. ಮತ್ತೆ ಎಡಭಾಗ ಬಲದ ಮೇಲೆ ಬರುವಂತೆ ಟೈಲರ್‌ಗೆ ಎರಡು ಸಲ ಹೇಳಿ, ಜಪಾನಿನಲ್ಲಿ ಉಲ್ಟಾ ಸುತ್ತುವುದು ಹೆಣಕ್ಕೆ.