ಪೇತ್ರನಿಗೆ ಮೊದಲು ಊಟ, ಆಮೇಲೆ ಪ್ರಶ್ನೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಭೆಯ ಗಾಯನ ತಂಡದಲ್ಲಿ ನಿಮ್ಮ ಜೊತೆ ಹಾಡುವ ಒಬ್ಬರು ಶನಿವಾರದ ಪ್ರ್ಯಾಕ್ಟೀಸಿಗೆ ಯಾವಾಗಲೂ ತಡವಾಗಿ ಬರುತ್ತಾರೆ. ಒಪ್ಪಿಕೊಂಡ ಕೆಲಸ ಮಾಡುವುದಿಲ್ಲ. ಕೇಳಿದರೆ ಸಿಡುಕುತ್ತಾರೆ. ಭಾನುವಾರ ಅವರ ಪಕ್ಕ ನಿಂತು ಹಾಡುವಾಗಲೂ ನಿಮಗೆ ಒಳಗೊಳಗೇ ಕುದಿಯುತ್ತದೆ. ಯೇಸುವಿನಂಥ ತಾಳ್ಮೆ ಎಲ್ಲಿಂದ ತರಲಿ, ಒಳಗೆ ಕೋಪ ಇಟ್ಟುಕೊಂಡು ಹೊರಗೆ ನಗುವುದು ಕಪಟ ಅಲ್ವಾ, ಇಷ್ಟೆಲ್ಲಾ ಕೋಪ ಇರುವಾಗ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದ್ದೀರಿ.

ಕಪಟವೇ. ಮೊದಲು ಆ ನಗು ಬಿಟ್ಟುಬಿಡಿ.

ನಮ್ಮ ಸಭೆಗಳಲ್ಲಿ ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡು ನುಂಗಿಕೊಳ್ಳುವುದು ಅಂತಾಗಿದೆ. ಎದುರಿಗೆ ‘ಪರವಾಗಿಲ್ಲ ಬ್ರದರ್’ ಅನ್ನುತ್ತೇವೆ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಸ್ಕೂಟರ್ ತೆಗೆಯುತ್ತಾ ಅದೇ ಬ್ರದರ್ ಜಾತಕವನ್ನೆಲ್ಲಾ ಇನ್ನೊಬ್ಬರ ಮುಂದೆ ಬಿಚ್ಚುತ್ತೇವೆ. ಸುವಾರ್ತೆಗಳಲ್ಲಿ ಕಾಣುವ ಯೇಸು ಹೀಗೆ ಮಾಡಲಿಲ್ಲ. ಮಾರ್ಕನ ಸುವಾರ್ತೆಯ ಎಂಟನೇ ಅಧ್ಯಾಯ ನೋಡಿ. ಏಳು ರೊಟ್ಟಿಯಲ್ಲಿ ನಾಲ್ಕು ಸಾವಿರ ಜನ ಉಂಡು ಎದ್ದಿದ್ದಾರೆ. ಅದಾಗಿ ಸ್ವಲ್ಪದರಲ್ಲೇ ಶಿಷ್ಯರು ದೋಣಿಯಲ್ಲಿ ಕೂತು, ಅಯ್ಯೋ ರೊಟ್ಟಿ ತರುವುದು ಮರೆತೆವಲ್ಲ ಅಂತ ಚಿಂತೆ ಮಾಡುತ್ತಾರೆ! ಆತ ಸುಮ್ನೆ ಇರುವುದಿಲ್ಲ. ಕಣ್ಣಿದ್ದೂ ಕಾಣುವುದಿಲ್ಲವೇ, ಇನ್ನೂ ಅರ್ಥವಾಗಲಿಲ್ಲವೇ ಅಂತ ಒಂದರ ಮೇಲೊಂದು ಕೇಳುತ್ತಾನೆ. ಸಮಾರ್ಯದ ಹಳ್ಳಿಯೊಂದರಲ್ಲಿ ಇಳಿದುಕೊಳ್ಳಲು ಜಾಗ ಸಿಗಲಿಲ್ಲ ಅಂತ ಶಿಷ್ಯರಾದ ಯಾಕೋಬ ಯೋಹಾನರು ಸಿಟ್ಟಾಗಿ, ಆಕಾಶದಿಂದ ಬೆಂಕಿ ಬೀಳಿಸೋಣವೇ ಅಂದಾಗ ತಿರುಗಿ ಗದರಿಸುತ್ತಾನೆ. ಗದರಿಸಿದ ಮೇಲೆ ಇಬ್ಬರನ್ನೂ ಕರೆದುಕೊಂಡೇ ಮುಂದಿನ ಹಳ್ಳಿಗೆ ಹೋಗುತ್ತಾನೆ. ನೀವು ಕೇಳುತ್ತಿರುವ ತಾಳ್ಮೆ ನನಗೆ ಕಾಣುವುದು ಇಲ್ಲೇ. ತಪ್ಪು ಆತನ ಕಣ್ಣಿಗೆ ಬೀಳುತ್ತದೆ, ಅದನ್ನು ಬಾಯಿಬಿಟ್ಟು ಹೇಳುತ್ತಾನೆ, ಆದರೂ ಆಳನ್ನು ಕೈಬಿಡುವುದಿಲ್ಲ.

ಶಿಷ್ಯ ಪೇತ್ರನ ವಿಷಯದಲ್ಲಂತೂ ಇದು ತುಂಬ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಬಿಟ್ಟು ಓಡಿದರೂ ನಾನು ಬಿಡುವುದಿಲ್ಲ ಅಂತ ಮಾತು ಕೊಟ್ಟವನು. ಅದೇ ರಾತ್ರಿ ಯೇಸುವನ್ನು ಹಿಡಿದೊಯ್ದಾಗ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಾ ನಿಂತು, ಆತ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ. ನಿಮ್ಮ ತಂಡದವರು ಒಪ್ಪಿಕೊಂಡ ಕೆಲಸ ಮಾಡದೇ ಹೋದದ್ದು ಇದರ ಮುಂದೆ ಎಷ್ಟರದ್ದು? ಹೀಗಾಗುತ್ತದೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಲೂಕನು ಬರೆದಿರುವ ಪ್ರಕಾರ, ಪೇತ್ರ ಬೀಳುವ ಮೊದಲೇ ಆತ ಪೇತ್ರನಿಗಾಗಿ ಬೇಡಿಕೊಂಡಿದ್ದ. ನೀನು ತಿರುಗಿ ಬಂದ ಮೇಲೆ ನಿನ್ನ ಅಣ್ಣತಮ್ಮಂದಿರನ್ನು ಬಲಪಡಿಸು ಅಂತ ಕೆಲಸವನ್ನೂ ಹೇಳಿಟ್ಟಿದ್ದ. ಯೋಚನೆ ಮಾಡಿ, ತಪ್ಪು ಇನ್ನೂ ನಡೆದೇ ಇಲ್ಲ. ವಾಪಸ್ ಬರುವ ದಾರಿ ಆಗಲೇ ತೆರೆದಿದೆ.

ಯೇಸು ಸತ್ತು ಜೀವಂತವಾಗಿ ಎದ್ದ ಮೇಲೆ, ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾಗುತ್ತಾರೆ. ಪೇತ್ರ ಮತ್ತು ಜೊತೆಯ ಶಿಷ್ಯರಿಗೆ ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನೂ ಸಿಕ್ಕಿರಲಿಲ್ಲ. ಬೆಳಗಾಗುವಾಗ ಯೇಸುವಿನ ಮಾತು ಕೇಳಿ ಬಲೆ ಹಾಕಿದರೆ 153 ದೊಡ್ಡ ಮೀನು. ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬಂದು ಊಟ ಮಾಡಿ ಅನ್ನುತ್ತಾನೆ. ಎಲ್ಲರೂ ತಿಂದು ಮುಗಿಸುವ ತನಕ ಆ ರಾತ್ರಿಯ ಸುದ್ದಿಯೇ ಇಲ್ಲ. ಊಟವಾದ ಮೇಲೆ ಪೇತ್ರನನ್ನು ಕೇಳುತ್ತಾನೆ. ಯಾಕೆ ಹಾಗೆ ಮಾಡಿದೆ, ಇನ್ನು ಮಾಡಲ್ಲ ಅಂತ ಆಣೆ ಇಡು, ಊಹೂಂ, ಇದ್ಯಾವುದೂ ಅಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳುತ್ತಾನೆ, ಅಷ್ಟೇ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಅಂತ ಯೋಹಾನ ಬರೆದಿದ್ದಾನೆ. ಆಗಲೇಬೇಕಲ್ಲ, ಮೂರು ಅನ್ನುವ ಲೆಕ್ಕ ಅವನಿಗೆ ಮರೆತಿರುತ್ತದಾ? ನೋವಾಗುತ್ತದೆ ಅಂತ ಯೇಸು ವಿಷಯವನ್ನು ತೇಲಿಸಿಬಿಡಲಿಲ್ಲ. ಆದರೆ ಪ್ರತಿ ಉತ್ತರಕ್ಕೂ ಒಂದೊಂದು ಜವಾಬ್ದಾರಿ ಕೊಟ್ಟ: ನನ್ನ ಕುರಿಗಳನ್ನು ಮೇಯಿಸು.

ಇದಾದ ಮೇಲಿನ ಮಾತು ನನಗೆ ಇನ್ನೂ ಇಷ್ಟ. ಇಷ್ಟು ದೊಡ್ಡ ಕ್ಷಮೆ ಈಗಷ್ಟೇ ಸಿಕ್ಕಿದೆ. ಪೇತ್ರ ಹಿಂದೆ ತಿರುಗಿ ಯೋಹಾನನನ್ನು ನೋಡಿ, ಸರಿ, ಇವನ ಕಥೆ ಏನು ಅಂತ ಕೇಳುತ್ತಾನೆ! ನಾವೂ ಹೀಗೇ ಅಲ್ವಾ? ಅದರಿಂದ ನಿನಗೇನಾಗಬೇಕು, ನೀನು ನನ್ನ ಹಿಂದೆ ಬಾ ಅಂತ ಉತ್ತರ ಸಿಗುತ್ತದೆ. ನಿಮಗೆ ಮನಸ್ಸು ಕುದಿಯುವಾಗ ಈ ಒಂದು ವಾಕ್ಯ ಉಪಯೋಗಕ್ಕೆ ಬರಬಹುದು. ನನಗಂತೂ ಬರುತ್ತದೆ.

ಆ ಬೆಳಗಿನ ನಂತರ ಪೇತ್ರ ಪೂರ್ತಿ ಸರಿಹೋದ ಅಂದುಕೊಳ್ಳಬೇಡಿ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯಿಂದ ಕೆಲವರು ಬಂದರು ಅಂತ ಹೆದರಿ ಮೆಲ್ಲಗೆ ಎದ್ದು ದೂರ ಕೂತ. ಆಮೇಲೆ ಅಪೊಸ್ತಲನಾದ ಪೌಲ ಅವನ ಮುಖಕ್ಕೇ ಹೇಳಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಓದಬಹುದು. ಜನರ ಭಯಕ್ಕೆ ಜಾರುವ ಹಳೇ ಸ್ವಭಾವ ಮತ್ತೆ ಬಂತು. ಹಾಗಾಗಿ ನಿಮ್ಮ ಗಾಯಕರಿಗೆ ಒಂದು ಸಲ ಪ್ರೀತಿಯಿಂದ ಹೇಳಿದ ಕೂಡಲೇ ಮುಂದಿನ ಶನಿವಾರ ಐದು ನಿಮಿಷ ಮೊದಲೇ ಬಂದು ಕೂರುತ್ತಾರೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಪೌಲ. ಪ್ರೀತಿಗೆ ತಾಳ್ಮೆ ಇದೆ, ದಯೆ ಇದೆ ಅಂತ ನಮ್ಮ ಮದುವೆಗಳಲ್ಲೆಲ್ಲಾ ಓದುತ್ತಾರಲ್ಲ, ಅದನ್ನು ಬರೆದವನೇ ಅದಕ್ಕಿಂತ ಮುಂಚೆ ಒಬ್ಬ ಹುಡುಗನ ವಿಷಯಕ್ಕೆ ತನ್ನ ಜೊತೆ ಸೇವಕ ಬಾರ್ನಬನ ಜೊತೆ ಜಗಳ ಮಾಡಿ ಬೇರೆಯಾಗಿದ್ದ. ಆ ಹುಡುಗ ಮಾರ್ಕನೆಂಬ ಯೋಹಾನ (ಶಿಷ್ಯ ಯೋಹಾನನಲ್ಲ), ಸುವಾರ್ತೆ ಸಾರುವ ಮೊದಲ ಪ್ರಯಾಣದಲ್ಲಿ ಪಂಫುಲ್ಯದ ಪೆರ್ಗದಿಂದ ಅರ್ಧಕ್ಕೇ ವಾಪಸ್ ಹೋಗಿದ್ದ. ಅಂಥವನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡ ಅಂತ ಪೌಲ. ಒಂದು ಅವಕಾಶ ಕೊಡೋಣ ಅಂತ ಬಾರ್ನಬ. ಮಾರ್ಕ ಬಾರ್ನಬನ ಸಂಬಂಧಿಕನೂ ಹೌದು, ಆ ಸೆಳೆತವೂ ಇದ್ದೀತು. ಕೊನೆಗೆ ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸಿಗೆ ಹಡಗು ಹತ್ತಿದ. ಪೌಲ ಸೀಲನ ಜೊತೆ ಬೇರೆ ದಾರಿ ಹಿಡಿದ. ಪೌಲನ ಲೆಕ್ಕ ತಪ್ಪು ಅಂತ ನಾನು ಹೇಳಲಾರೆ, ಕೆಲಸ ದೊಡ್ಡದಿತ್ತು. ಆದರೆ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಗೆ, ಮಾರ್ಕನನ್ನು ಕರೆದುಕೊಂಡು ಬಾ, ನನ್ನ ಸೇವೆಗೆ ಅವನು ಉಪಯೋಗವಾಗಿದ್ದಾನೆ ಅನ್ನುವ ಮಾತಿದೆ. ನಡುವೆ ಆ ಹುಡುಗನನ್ನು ಹಿಡಿದುಕೊಂಡವನು ಬಾರ್ನಬ. ಅವನ ಹೆಸರಲ್ಲಿ ಒಂದು ಹಾಡೂ ನಮ್ಮ ಕಡೆ ಇಲ್ಲ, ಪಾಪ.

ಈಗ ನಿಮ್ಮ ಶನಿವಾರದ ವಿಷಯಕ್ಕೆ ಬರೋಣ. ನಮ್ಮ ತಂಡದಲ್ಲೂ ಇಂಥ ಒಬ್ಬರಿದ್ದರು. ಟೆನರ್, ಅಂದರೆ ಗಂಡಸರ ಎತ್ತರದ ಸ್ವರ ಹಾಡುವವರು, ಒಳ್ಳೆಯ ದನಿ. ಡಿಸೆಂಬರಿನಲ್ಲಿ ಮನೆಮನೆಗೆ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ರೌಂಡ್ಸ್ ಹೋಗುವಾಗ ಇಡೀ ತಂಡ ಯಾರದೋ ಮನೆ ಮುಂದೆ ಚಳಿಯಲ್ಲಿ ನಿಂತಿರುತ್ತಿತ್ತು, ಇವರು ಗಿಟಾರ್ ಹೊತ್ತು ನಿಧಾನಕ್ಕೆ ನಡೆದು ಬರುತ್ತಿದ್ದರು. ಆಗ ತಂಡ ನಡೆಸುತ್ತಿದ್ದವರು ಬೀದಿಯಲ್ಲಿ ಏನೂ ಅನ್ನಲಿಲ್ಲ. ಆಮೇಲೊಂದು ಸಂಜೆ ಅವರ ಮನೆಗೇ ಹೋದರು. ಏನಾದರೂ ಕಷ್ಟ ಇರಬಹುದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಅಂತ ವಿಚಾರಿಸಿದರು. ಅಂಥದ್ದೇನೂ ಇರಲಿಲ್ಲ. ಆರು ಗಂಟೆಯ ಪ್ರ್ಯಾಕ್ಟೀಸಿಗೆ ಮನುಷ್ಯ ಸ್ನಾನಕ್ಕೆ ಹೋಗುತ್ತಿದ್ದುದೇ ಆರಕ್ಕೆ! ಎಲ್ಲರ ತಪ್ಪಿನ ಹಿಂದೆಯೂ ಒಂದು ಕಣ್ಣೀರಿನ ಕಥೆ ಇರುತ್ತದೆ ಅಂತ ಪ್ರಸಂಗಗಳಲ್ಲಿ ಹೇಳುತ್ತಾರೆ. ಕೆಲವರಿಗೆ ಇರುತ್ತದೆ, ವಿಚಾರಿಸಿ ನೋಡಬೇಕು. ಕೆಲವರು ಬರೀ ಸೋಮಾರಿಗಳು. ಕನಿಕರ ಅವರಿಗೂ ಬೇಕು.

ಕಾಫಿ ಕುಡಿದ ಮೇಲೆ ನಾಯಕರು ನೇರವಾಗಿ ಹೇಳಿದರಂತೆ: ‘ನೀನು ಹಾಡುವ ಪದ್ಯವನ್ನು ಮೊದಲೇ ಪ್ರ್ಯಾಕ್ಟೀಸ್ ಮಾಡಿಸುತ್ತೇನೆ. ನೀನಿಲ್ಲದಿದ್ದರೆ ಆ ವಾರ ಬೇರೆಯವರು ಹಾಡುತ್ತಾರೆ. ನಿನ್ನ ಜಾಗ ಮಾತ್ರ ಯಾರಿಗೂ ಕೊಡಲ್ಲ.’ ಒಂದು ಭಾನುವಾರ ಹಾಗೇ ಆಯಿತು, ಬೇರೆಯವರು ಹಾಡಿದರು. ಟೆನರ್ ಮುಖ ಗಂಟಿಕ್ಕಿಕೊಂಡು ಸಾಲಿನಲ್ಲಿ ನಿಂತಿದ್ದರು. ನಾಯಕರು ಅವತ್ತೂ ಎಂದಿನಂತೆ ಅವರನ್ನು ಚಹಾಕ್ಕೆ ಕರೆದರು. ನಡೆದದ್ದನ್ನು ತಂಡದಲ್ಲಿ ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ನಮಗೆ ಇದೆಲ್ಲಾ ಗೊತ್ತಾಗಿದ್ದು ಬಹಳ ದಿನಗಳ ನಂತರ, ಆ ಟೆನರ್ ಬಾಯಿಂದಲೇ. ತಡವಾಗಿ ಬರುವುದು ನಿಂತಿತಾ ಅಂದರೆ, ಇಲ್ಲ. ಕಡಿಮೆಯಾಯಿತು.

ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕ್ರಮವೂ ಇದೇ. ಸಹೋದರ ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಮೇಲೆ ಸಭೆಗೆ ತಿಳಿಸು. ನಾವು ಕೊನೆಯ ಮೆಟ್ಟಿಲಿನಿಂದ ಶುರು ಮಾಡುತ್ತೇವೆ, ಅದೂ ವಾಟ್ಸಾಪ್ ಗ್ರೂಪಿನಲ್ಲಿ. ಏಳು ಎಪ್ಪತ್ತು ಸಲ ಕ್ಷಮಿಸು ಅನ್ನುವ ಮಾತು ಬರುವುದೂ ಅದೇ ಅಧ್ಯಾಯದಲ್ಲೇ. ತಪ್ಪು ಎತ್ತಿ ಹೇಳುವುದು, ಕ್ಷಮಿಸುವುದು ಎರಡೂ ಅಕ್ಕಪಕ್ಕದಲ್ಲಿವೆ.

ಒಂದು ಮಾತು ಬಿಡಿಸಿ ಹೇಳಬೇಕು. ನಾನು ಇಷ್ಟು ಹೊತ್ತು ಹೇಳಿದ್ದು ತಡ, ಮರೆವು, ಸಿಡುಕು, ಸೋಮಾರಿತನ ಇಂಥವುಗಳ ಬಗ್ಗೆ. ಯಾರಾದರೂ ಸಭೆಯ ಹಣ ನುಂಗುತ್ತಿದ್ದರೆ, ಹೆಂಡತಿಯ ಮೇಲೆ ಕೈ ಮಾಡುತ್ತಿದ್ದರೆ, ಮಕ್ಕಳಿಗೆ ತೊಂದರೆ ಕೊಡುತ್ತಿದ್ದರೆ ಅಲ್ಲಿ ತಾಳ್ಮೆಯ ಪಾಠ ಬೇಡ. ಚಿಕ್ಕವರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಮೇಲು ಅಂದವನೂ ಯೇಸುವೇ. ಅಂಥದ್ದಿದ್ದರೆ ಪೊಲೀಸರಿಗೆ ಹೇಳಿ.

ಇನ್ನು ಕೋಪ ಇರುವಾಗ ಪ್ರಾರ್ಥನೆ. ಧಾರಾಳವಾಗಿ ಮಾಡಿ. ಬೈಬಲಿನ ಹದಿಮೂರನೇ ಕೀರ್ತನೆ ಬರೀ ಆರು ವಚನ. ಶುರುವಿನಲ್ಲೇ ಎಷ್ಟು ಕಾಲ ಹೀಗೆ ಅಂತ ನಾಲ್ಕು ಸಲ ದೇವರನ್ನೇ ದಬಾಯಿಸುತ್ತದೆ, ಕೊನೆಗೆ ಹಾಡುತ್ತೇನೆ ಅನ್ನುತ್ತದೆ. ನೀವೂ ಹಾಡುವವರೇ ಆದ್ದರಿಂದ ಅದು ಹಿಡಿಸಬಹುದು. ಸಿಟ್ಟನ್ನೆಲ್ಲಾ ಅಲ್ಲಿ ಹೇಳಿ ಮುಗಿಸಿ. ಆಮೇಲೆ ಅವರ ಹೆಸರು ಹಿಡಿದು, ಅವರಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳಿ. ಮನಸ್ಸಿಲ್ಲದಿದ್ದರೂ ಸರಿ. ‘ಅವನನ್ನು ತಿದ್ದು’ ಅನ್ನುವ ಪ್ರಾರ್ಥನೆ ಸದ್ಯಕ್ಕೆ ಬೇಡ, ಅದರಲ್ಲಿ ನಮ್ಮ ಸಿಟ್ಟೇ ಜಾಸ್ತಿ ಇರುತ್ತದೆ. ಆಮೇಲೆ ಶುಕ್ರವಾರ ಸಂಜೆ ಅವರಿಗೊಂದು ಫೋನ್ ಮಾಡಿ, ಪ್ರ್ಯಾಕ್ಟೀಸಿಗೆ ಮೊದಲು ಎಲ್ಲಾದರೂ ಕೂತು ಇಬ್ಬರೇ ತಿಂಡಿ ತಿನ್ನೋಣ ಬನ್ನಿ ಅಂತ ಕರೆಯಿರಿ. ಅಲ್ಲಿಗೂ ತಡವಾಗಿಯೇ ಬರುತ್ತಾರೆ. ನೀವು ಕಾಯದೆ ಒಂದು ಕಾಫಿ ಹೇಳಿ.