ಮಲಗುವಾಗ ತಮಾಷೆಯ ಕಥೆ ಹೇಳಿದರೆ ಮಗುವಿಗೆ ನಿದ್ದೆ ಹಾರಿಹೋಗುವುದೇಕೆ?

ಸಾಮಾನ್ಯವಾಗಿ ನಗೆಯ ಪ್ರಸಂಗ ಕಥೆಯ ಕೊನೆಗೆ ಬರುವುದರಿಂದ. ನಾಲ್ಕು ಚಪ್ಪಲಿಯಲ್ಲಿ ಒಂದನ್ನು ಕಳಕೊಂಡ ಆನೆ ಕುಂಟುತ್ತಾ ಹೋಗಿ ಕೆಸರಿಗೆ ಬೀಳುವುದಿದ್ದರೆ, ಮೊದಲ 2–3 ನಿಮಿಷದಲ್ಲೇ ಬೀಳಿಸಿಬಿಡಿ.

ಮುಂದೇನಾಗುತ್ತದೋ ಎಂಬ ಕುತೂಹಲವೇ ಮಗುವನ್ನು ಎಚ್ಚರವಾಗಿ ಇಡುವುದು. ಹಾಗಾಗಿ ಆಮೇಲೆ ಒಂದೇ ಘಟನೆಯನ್ನು ತಿರುತಿರುಗಿ ಹೇಳಿ: ಆನೆ ಚಪ್ಪಲಿ ಹುಡುಕುತ್ತಾ ಮಂಚದ ಕೆಳಗೆ ನೋಡಿತು, ಇಲ್ಲ, ಬಾಗಿಲ ಹಿಂದೆ ನೋಡಿತು, ಇಲ್ಲ. ಮೂರನೇ ಸಲಕ್ಕೆ "ಇಲ್ಲ" ಅನ್ನುವುದು ಮಗುವೇ. ಬರುವುದು ಗೊತ್ತಾದ ಮೇಲೆ ಮನಸ್ಸು ಕಾಯುವುದನ್ನು ಬಿಡುತ್ತದೆ, ಮೈ ಸಡಿಲವಾಗುತ್ತದೆ. ಪ್ರತಿ ಸುತ್ತಿಗೂ ದನಿ ಸ್ವಲ್ಪ ತಗ್ಗಿಸಿ. ಎರಡು ಮಾತಿನ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಡಿ.

ಕೊನೆಗೆ ಚಪ್ಪಲಿ ಸಿಗಲೇಬೇಕು, ಆನೆ ಮಲಗಲೇಬೇಕು. "ಉಳಿದದ್ದು ನಾಳೆ" ಅಂದಿರೋ, ಕೆಟ್ಟಿತು. ಪ್ರಶ್ನೆಗಳ ಸರಮಾಲೆ ಶುರು.

ಒಟ್ಟು 10 ನಿಮಿಷ ಸಾಕು. ದೊಡ್ಡವರು ಮಾಡುವ ಇನ್ನೊಂದು ಎಡವಟ್ಟೆಂದರೆ "ಮುಂದೆ ಏನಾಯ್ತು, ನೀನೇ ಹೇಳು ನೋಡೋಣ" ಎಂದು ಕೇಳುವುದು. ಹಗಲಲ್ಲಾದರೆ ಅದು ಸೊಗಸಾದ ಆಟ. ರಾತ್ರಿ ಹಾಗೆ ಕೇಳಿದರೆ ಆಗಷ್ಟೇ ಮುಚ್ಚುತ್ತಿದ್ದ ಕಣ್ಣು ಪೂರ್ತಿ ತೆರೆಯುತ್ತದೆ, ಆನೆಗೆ ರೆಕ್ಕೆಯೂ ಬರುತ್ತದೆ.