ಟೋಕಿಯೊದ ಕಚೇರಿ, ಜ್ವರ ಮತ್ತು ರಜೆ: ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಬೆಂಗಳೂರಿನಿಂದ ಟೋಕಿಯೊಗೆ ಬಂದು ಎಂಟು ತಿಂಗಳಾಗಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ತಂಡದ ಹಿರಿಯರೊಬ್ಬರು ಮೈ ಸುಡುವ ಜ್ವರದಲ್ಲಿಯೂ ಮಾಸ್ಕ್ ಹಾಕಿಕೊಂಡು ಬಂದು ರಾತ್ರಿಯವರೆಗೆ ದುಡಿದದ್ದನ್ನು ಮೇಲಧಿಕಾರಿ ಎಲ್ಲರೆದುರು ಹೊಗಳಿದರೆಂದೂ, ಈಗ ನಿಮಗೇ ಜ್ವರ ಬಂದಿರುವಾಗ ರಜೆ ಕೇಳಿದರೆ ಹೆಸರು ಕೆಟ್ಟೀತೇ ಎಂದೂ ಒಂದು. ನಾರಾಯಣ ಮೂರ್ತಿಯವರು ಹೇಳಿದ ಜಪಾನ್ ಇದೇ ಅಲ್ಲವೇ, ನಾವು ಇದನ್ನೇ ಕಲಿಯಬೇಕಲ್ಲವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ನೇರವಾಗಿದೆ: ಇಂದೇ ರಜೆ ಹಾಕಿ, ವೈದ್ಯರನ್ನು ಕಾಣಿ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಮೂರ್ತಿಯವರು 2023ರ ಅಕ್ಟೋಬರಿನಲ್ಲಿ, ನಮ್ಮ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳುವಾಗ ಎರಡನೆಯ ಮಹಾಯುದ್ಧದ ನಂತರದ ಜರ್ಮನಿ ಮತ್ತು ಜಪಾನುಗಳನ್ನು ಉದಾಹರಿಸಿದರು. ಯುದ್ಧದಲ್ಲಿ ಸುಟ್ಟುಹೋದ ಊರುಗಳನ್ನು ಇಲ್ಲಿನ ಜನ ಮತ್ತೆ ಕಟ್ಟಿದ ಶ್ರಮಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಆ ದುಡಿಮೆಗೆ ತೆತ್ತ ಬೆಲೆಯನ್ನು ಈ ದೇಶವೇ ಲೆಕ್ಕ ಹಾಕಿ ಕಾನೂನಿನಲ್ಲಿ ಬರೆದಿಟ್ಟಿದೆ. ಅತಿದುಡಿಮೆಯಿಂದ ಬರುವ ಸಾವನ್ನು ಇಲ್ಲಿ ಕರೋಶಿ ಎನ್ನುತ್ತಾರೆ. ವಾರದ 40 ಗಂಟೆಯ ಮೇಲಿನ ದುಡಿಮೆ ಒಂದು ತಿಂಗಳಲ್ಲಿ 100 ಗಂಟೆಯನ್ನೋ, ಎರಡರಿಂದ ಆರು ತಿಂಗಳ ಸರಾಸರಿಯಲ್ಲಿ ತಿಂಗಳಿಗೆ 80 ಗಂಟೆಯನ್ನೋ ಮೀರಿದ್ದರೆ, ಆ ಬಳಿಕ ಬಂದ ಹೃದಯಾಘಾತ ಅಥವಾ ಮಿದುಳಿನ ರಕ್ತಸ್ರಾವಕ್ಕೂ ಕೆಲಸಕ್ಕೂ ಬಲವಾದ ಸಂಬಂಧವಿದೆಯೆಂದು ಸರ್ಕಾರದ ಪರಿಹಾರ ಮಾನದಂಡವೇ ಹೇಳುತ್ತದೆ. ವಾರಕ್ಕೆ 70 ಗಂಟೆ ಎಂದರೆ 30 ಗಂಟೆ ಹೆಚ್ಚುವರಿ, ನಾಲ್ಕು ವಾರಕ್ಕೆ 120. ನಮ್ಮಲ್ಲಿ ಆದರ್ಶವೆಂದು ಮುಂದಿಟ್ಟ ಅಂಕಿ ಇಲ್ಲಿ ಪ್ರಾಣಾಪಾಯದ ಗೆರೆಯಿಂದ ಆಚೆಗಿದೆ.

ಈ ಗೆರೆ ಸುಮ್ಮನೆ ಬಂದದ್ದಲ್ಲ. ಡೆಂಟ್ಸು ಎಂಬ ದೊಡ್ಡ ಜಾಹೀರಾತು ಕಂಪನಿಯ 24 ವರ್ಷದ ನೌಕರನೊಬ್ಬ 1991ರಲ್ಲಿ ಅತಿದುಡಿಮೆಯಿಂದ ಕುಗ್ಗಿ ಪ್ರಾಣ ಕಳೆದುಕೊಂಡ ಪ್ರಕರಣದಲ್ಲಿ, ಕಂಪನಿಯೇ ಹೊಣೆಯೆಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿತು. 2014ರಲ್ಲಿ ಕರೋಶಿ ತಡೆಯುವುದಕ್ಕೆಂದೇ ಒಂದು ಕಾನೂನು ಬಂತು. ಅಷ್ಟಾದ ಮೇಲೂ ಅದೇ ಕಂಪನಿಯಲ್ಲಿ, ಸೇರಿ ವರ್ಷ ತುಂಬದ 24ರ ತಕಾಹಶಿ ಮತ್ಸುರಿ ಎಂಬ ಯುವತಿ 2015ರ ಡಿಸೆಂಬರ್ 25ರಂದು ಹಾಗೆಯೇ ತೀರಿಕೊಂಡರು. 2017ರಲ್ಲಿ ನ್ಯಾಯಾಲಯ ಕಂಪನಿಗೆ ವಿಧಿಸಿದ ದಂಡ ಕೇವಲ ಐದು ಲಕ್ಷ ಯೆನ್. ಆ ಮೊತ್ತವನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೂ ಮಗಳ ಸಾವನ್ನು ಮುಚ್ಚಿಡದೆ ಬಹಿರಂಗವಾಗಿ ಮಾತನಾಡಿದ ತಾಯಿಯಿಂದ ಇಡೀ ದೇಶ ಈ ವಿಷಯವನ್ನು ಚರ್ಚಿಸಿತು, ಮತ್ತು 2019ರ ಏಪ್ರಿಲಿನಿಂದ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಯ ಮಿತಿ ಬಂತು. ವಿಶೇಷ ಒಪ್ಪಂದವಿದ್ದರೂ ವರ್ಷಕ್ಕೆ 720 ಗಂಟೆಯನ್ನು ದಾಟುವಂತಿಲ್ಲ.

ಹಾಗಾದರೆ ನಿಮ್ಮ ಹಿರಿಯರು ಜ್ವರದಲ್ಲಿ ಏಕೆ ಬಂದರು? ಬಹುಮಟ್ಟಿಗೆ ಯಾರೂ ಅವರನ್ನು ಕರೆದಿರಲಾರರು. ತಾನು ಬಾರದಿದ್ದರೆ ತನ್ನ ಪಾಲಿನ ಕೆಲಸ ಪಕ್ಕದವರ ಮೇಲೆ ಬೀಳುತ್ತದೆಂಬ ಸಂಕೋಚ ಇಲ್ಲಿ ಬಹಳ ಆಳವಾದದ್ದು, ಮತ್ತು ಅದರೊಳಗೆ ಸಹೋದ್ಯೋಗಿಗಳ ಬಗೆಗಿನ ನಿಜವಾದ ಕಾಳಜಿಯೂ ಇದೆ. ಅದಕ್ಕೇ ಅದನ್ನು ಮುರಿಯುವುದು ಕಷ್ಟ. ತಪ್ಪಿರುವುದು ಆ ಕಾಳಜಿಯನ್ನು ಬಳಸಿಕೊಂಡು ಜನರನ್ನು ಕಡಿಮೆ ಇಟ್ಟು ಕೆಲಸ ತೆಗೆಯುವ, ಮೇಲಾಗಿ ಜ್ವರದಲ್ಲಿ ಬಂದವರನ್ನು ಹೊಗಳುವ ಅಧಿಕಾರಿಯಲ್ಲಿ. ಆ ಹೊಗಳಿಕೆ ಕೇಳಿಸಿಕೊಂಡ ಇನ್ನುಳಿದವರೆಲ್ಲ ತಮ್ಮ ಮುಂದಿನ ಜ್ವರದಲ್ಲಿ ಏನು ಮಾಡಬೇಕೆಂದು ಅಲ್ಲೇ ತೀರ್ಮಾನಿಸಿಬಿಡುತ್ತಾರೆ, ನೀವು ತೀರ್ಮಾನಿಸಲು ಹೊರಟಂತೆ.

ರಜೆಯ ವಿಷಯದಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ಕಾಯಿಲೆಗೆಂದೇ ಪ್ರತ್ಯೇಕವಾಗಿ ಸಂಬಳಸಹಿತ ರಜೆ ಕೊಡಬೇಕೆಂದು ಇಲ್ಲಿನ ಕಾರ್ಮಿಕ ಕಾನೂನು ಹೇಳುವುದಿಲ್ಲ. ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ. ಆರು ತಿಂಗಳು ತುಂಬಿ ಹಾಜರಾತಿ ಶೇ 80 ಇದ್ದರೆ ಸಿಗುವ 10 ದಿನಗಳ ಯೂಕ್ಯೂ, ಅಂದರೆ ಸಂಬಳಸಹಿತ ರಜೆ, ನಿಮಗೆ ಈಗಾಗಲೇ ಬಂದಿರಬೇಕು. ಜನ ಇದನ್ನು ಕಾಯಿಲೆಗೆಂದು ಕೂಡಿಡುತ್ತಾರೆ, ಕಾಯಿಲೆ ಬಂದಾಗ ಇನ್ನೂ ದೊಡ್ಡದೊಂದು ಬಂದೀತೆಂದು ಉಳಿಸುತ್ತಾರೆ, ಎರಡು ವರ್ಷ ಕಳೆದ ಮೇಲೆ ಅದು ರದ್ದಾಗುತ್ತದೆ. ದೊಡ್ಡ ಕಾಯಿಲೆಗೆ ಬೇರೆ ವ್ಯವಸ್ಥೆಯಿದೆ: ಕಂಪನಿಯ ಮೂಲಕ ಆರೋಗ್ಯ ವಿಮೆಯಿರುವವರು ಸತತ ಮೂರು ದಿನ ಕೆಲಸ ಮಾಡಲಾಗದಿದ್ದರೆ, ಸಂಬಳವಿಲ್ಲದ ದಿನಗಳಿಗೆ ನಾಲ್ಕನೆಯ ದಿನದಿಂದ ಸಂಬಳದ ಸುಮಾರು ಮೂರನೇ ಎರಡರಷ್ಟು ಭತ್ಯೆ ಒಟ್ಟು ಒಂದೂವರೆ ವರ್ಷದವರೆಗೆ ಸಿಗುತ್ತದೆ. ಆದ್ದರಿಂದ ಸಣ್ಣ ಜ್ವರಕ್ಕೆ ಯೂಕ್ಯೂ ಬಳಸಲು ಹಿಂಜರಿಯಬೇಡಿ.

ನಿಮ್ಮ ಒಪ್ಪಂದಪತ್ರವನ್ನೂ ಮತ್ತೊಮ್ಮೆ ಓದಿ. ತಿಂಗಳಿಗೆ ಇಷ್ಟು ಗಂಟೆಯ ಓವರ್‌ಟೈಮ್ ಸಂಬಳದಲ್ಲೇ ಸೇರಿದೆ ಎಂಬ ಸಾಲು ಇದ್ದರೆ, ಆ ಗಂಟೆಗಳನ್ನು ಮೀರಿದ ಪ್ರತಿ ಗಂಟೆಗೂ ಬೇರೆ ಹಣ ಕೊಡಲೇಬೇಕು. ಬಂದ ಮತ್ತು ಹೊರಟ ಸಮಯವನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ದೂರು ಕೊಡುವ ದಿನ ಬಂದರೆ ರೋದೋ ಕಿಜುನ್ ಕಾಂತೊಕುಶೊ ಎಂಬ ಕಾರ್ಮಿಕ ತಪಾಸಣಾ ಕಚೇರಿಗೆ ಬೇಕಾಗುವುದು ಅದೇ. ಕೆಲಸ ಬಿಟ್ಟ ಮರುದಿನವೇ ವೀಸಾ ಹೋಗುತ್ತದೆಂಬ ಭಯದಿಂದ ಎಷ್ಟೋ ನಮ್ಮವರು ಕೆಟ್ಟ ಜಾಗದಲ್ಲೇ ಸವೆಯುತ್ತಾರೆ. ಅದು ನಿಜವಲ್ಲ: 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಿ ಹೊಸ ಕೆಲಸ ಹುಡುಕಬಹುದು, ಆದರೆ ಮೂರು ತಿಂಗಳು ಸುಮ್ಮನೆ ಕೂರಬಾರದು.

ಈಗ ಮಾಡಬೇಕಾದದ್ದು ಇಷ್ಟು. ಕೆಲಸ ಶುರುವಾಗುವ ಮುನ್ನ ಮೇಲಧಿಕಾರಿಗೆ ಜ್ವರವಿದೆ, ಇಂದು ಯೂಕ್ಯೂ ತೆಗೆದುಕೊಳ್ಳುತ್ತೇನೆ ಎಂದು ಎರಡು ಸಾಲು ಬರೆಯಿರಿ. ಬಾಕಿ ಕೆಲಸ ಯಾವ ಹಂತದಲ್ಲಿದೆಯೆಂದು ಇನ್ನೊಂದು ಸಾಲು. ದೀರ್ಘ ಕ್ಷಮೆಯಾಚನೆ ಬೇಡ. ಕ್ಲಿನಿಕ್ಕಿನಲ್ಲಿ ಇನ್‌ಫ್ಲುಯೆಂಜಾ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಬಂದಿದ್ದರೆ ಶಾಲೆಯ ಮಕ್ಕಳನ್ನು ಜ್ವರ ಶುರುವಾಗಿ ಐದು ದಿನ, ಇಳಿದ ಮೇಲೆ ಎರಡು ದಿನ ಕಳೆಯುವವರೆಗೆ ಮನೆಯಲ್ಲಿಡುವ ನಿಯಮವಿದೆ; ಅನೇಕ ಕಚೇರಿಗಳೂ ಅದನ್ನೇ ಅನುಸರಿಸುತ್ತವೆ. ವೈದ್ಯರ ಚೀಟಿಯ ಫೋಟೊ ಮೇಲಧಿಕಾರಿಗೆ ಕಳುಹಿಸಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಿ. ಮನೆಯಲ್ಲಿ ಗಂಜಿ ಮಾಡಿಕೊಡುವವರು ಯಾರೂ ಇಲ್ಲದಿದ್ದರೆ ತಿಳಿಸಿ. ಟೋಕಿಯೊದಲ್ಲೇ ನಿಶಿಕಸಾಯಿ ಎಂಬ ಬಡಾವಣೆಯ ಕಡೆ ನಮ್ಮ ಕನ್ನಡದ ಮನೆಗಳಿವೆ, ಯಾರಾದರೂ ತಂದುಕೊಡುತ್ತೇವೆ.